ಮುರಿದದ್ದು ಕಾಲು, ಮಲಗಿದ್ದು ಮೈಯೆಲ್ಲ

ಮುಂಬಯಿಯಲ್ಲಿ ಮಳೆಗಾಲ ಆರಂಭವಾಯಿತೆಂದರೆ ಎಲುಬಿನ ವೈದ್ಯರಿಗೆ ಬಿಡುವಿರುವುದಿಲ್ಲ. ರೈಲು ನಿಲ್ದಾಣದ ಒದ್ದೆ ಮೆಟ್ಟಿಲು, ಪಾಚಿ ಹಿಡಿದ ಬಚ್ಚಲು, ನೀರಿನಡಿ ಮರೆಯಾದ ರಸ್ತೆಯ ಹೊಂಡ, ಉಪಾಹಾರ ಗೃಹಗಳ ಅಡುಗೆಕೋಣೆಯಲ್ಲಿ ಎಣ್ಣೆ ನೀರು ಬೆರೆತ ನೆಲ, ಇವುಗಳಲ್ಲಿ ಯಾವುದಾದರೊಂದು ಸಾಕು, ಒಂದು ಸಂಸಾರದ ದಿನಚರಿಯನ್ನು ಮೂರು ನಾಲ್ಕು ತಿಂಗಳ ಮಟ್ಟಿಗೆ ತಲೆಕೆಳಗು ಮಾಡುವುದಕ್ಕೆ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡಿಗರ ಅನುಭವವೂ ಇದಕ್ಕಿಂತ ಭಿನ್ನವಾಗಿರಲಾರದು. ಅಲ್ಲಿ ಮಳೆಯ ಬದಲು ಸ್ಕೂಟರು ಕಾರಣವಾದೀತು, ಅಷ್ಟೆ. ಕಾಲು ಮುರಿದವನಿಗೆ ಆಸ್ಪತ್ರೆಯಲ್ಲಿ ಏನು ನಡೆಯಬೇಕೋ ಅದು ಈ ನಗರಗಳಲ್ಲಿ ಬಹುಮಟ್ಟಿಗೆ ಸರಿಯಾಗಿಯೇ ನಡೆಯುತ್ತದೆ. ಕ್ಷ-ಕಿರಣದ ಚಿತ್ರ ತೆಗೆಯುತ್ತಾರೆ, ಎಲುಬನ್ನು ಕೂಡಿಸುತ್ತಾರೆ, ಪ್ಲಾಸ್ಟರ್ ಹಾಕುತ್ತಾರೆ ಅಥವಾ ಒಳಗೆ ಸಲಾಕೆ ಇಡುತ್ತಾರೆ, ಕೆಲವು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ವಿಚಾರ ಮಾಡಬೇಕಾದದ್ದು ಅಲ್ಲಿಂದ ಮುಂದಿನ ಕಥೆಯನ್ನು.

ಮನೆಗೆ ಬಂದ ರೋಗಿಗೆ ಎರಡು ಆಜ್ಞೆಗಳು ಕಾದಿರುತ್ತವೆ. ಒಂದು, ಅಲುಗಾಡಬಾರದು, ಇನ್ನೊಂದು, ಚೆನ್ನಾಗಿ ತಿನ್ನಬೇಕು. ಎರಡೂ ಪ್ರೀತಿಯಿಂದ ಹುಟ್ಟಿದ ಆಜ್ಞೆಗಳೇ. ಒಳ್ಳೆಯ ಮಂಚವನ್ನು ಅವನಿಗೆ ಬಿಟ್ಟುಕೊಡುತ್ತಾರೆ, ದೂರದರ್ಶನದ ಪೆಟ್ಟಿಗೆಯನ್ನು ಅವನ ಎದುರಿಗೆ ತಿರುಗಿಸುತ್ತಾರೆ, ಕುಡಿಯುವ ನೀರಿನ ಲೋಟವನ್ನು ಕೂಡ ಕೈಗೆ ತಂದುಕೊಡುತ್ತಾರೆ. ನೋಡಲು ಬಂದ ಬಂಧುಗಳು ಬರಿಗೈಯಲ್ಲಿ ಬರುವುದಿಲ್ಲ. ಧಾರವಾಡದ ಕಡೆಯವರಾದರೆ ಅಂಟಿನ ಉಂಡೆ, ಮಂಗಳೂರಿನ ಕಡೆಯವರಾದರೆ ಹಲ್ವ, ಯಾವ ಕಡೆಯವರಾದರೂ ಬಿಸ್ಕತ್ತಿನ ಪೊಟ್ಟಣ. ಹೀಗೆ ಎರಡು ತಿಂಗಳು ಕಳೆದು ಪ್ಲಾಸ್ಟರ್ ಬಿಚ್ಚಿದಾಗ ಎಲುಬು ಕೂಡಿರುತ್ತದೆ. ಆದರೆ ತೊಡೆ ಸಣಕಲಾಗಿ, ಮೊಣಕಾಲು ಮರಗಟ್ಟಿ, ಹೊಟ್ಟೆ ಮಾತ್ರ ಮುಂದೆ ಬಂದಿರುತ್ತದೆ. ನಿಂತರೆ ಕಣ್ಣು ಕತ್ತಲೆ, ನಾಲ್ಕು ಹೆಜ್ಜೆಗೆ ಏದುಸಿರು. ಮುರಿದದ್ದು ಒಂದು ಎಲುಬು, ದುರ್ಬಲವಾದದ್ದು ಇಡೀ ಶರೀರ. ಇದನ್ನು ಅಪಘಾತದ ಫಲವೆಂದು ಮನೆಯವರು ನಂಬುತ್ತಾರೆ. ಇದರಲ್ಲಿ ಅಪಘಾತದ ಪಾಲು ಅರ್ಧ, ಉಪಚಾರದ ಪಾಲು ಅರ್ಧ ಎನ್ನದೆ ವಿಧಿಯಿಲ್ಲ.

ಅಲುಗಾಡಬಾರದೆಂಬ ನಂಬಿಕೆಗೆ ಚರಿತ್ರೆಯಿದೆ. ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಡಚ್ ಸೈನ್ಯದ ವೈದ್ಯನಾಗಿದ್ದ ಮಾಥೈಸೆನ್ ಎಂಬಾತ 1851ರ ಸುಮಾರಿಗೆ ಬಟ್ಟೆಯ ಪಟ್ಟಿಗೆ ಪ್ಲಾಸ್ಟರ್ ಪುಡಿ ತುಂಬಿ ಕಟ್ಟುವ ಪದ್ಧತಿಯನ್ನು ರೂಢಿಗೆ ತಂದ. ಮುರಿದ ಎಲುಬಿನ ತುದಿಗಳು ಒಂದಕ್ಕೊಂದು ತಾಗಿಕೊಂಡು ನಿಶ್ಚಲವಾಗಿರಬೇಕು ಎಂಬುದು ಆ ಪದ್ಧತಿಯ ಮೂಲತತ್ತ್ವ. ಅದು ಇಂದಿಗೂ ಸತ್ಯವೇ. ತೊಡೆಯ ಎಲುಬು ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ಆಸ್ಪತ್ರೆಯ ಮಂಚದಲ್ಲಿ ತಿಂಗಳುಗಟ್ಟಲೆ ಅಂಗಾತ ಮಲಗಿರುತ್ತಿದ್ದ ಕಾಲವನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆದರೆ ನಿಶ್ಚಲವಾಗಿರಬೇಕಾದದ್ದು ಮುರಿದ ಎಲುಬೇ ಹೊರತು ಮನುಷ್ಯನಲ್ಲ. 1940ರ ಸುಮಾರಿಗೆ ಜರ್ಮನಿಯ ಕುಂಟ್‌ಷರ್ ಎಲುಬಿನ ಟೊಳ್ಳಿನೊಳಗೆ ಉಕ್ಕಿನ ಸಲಾಕೆ ತೂರಿಸುವ ಶಸ್ತ್ರಕ್ರಿಯೆಯನ್ನು ತಂದದ್ದೂ, 1958ರಲ್ಲಿ ಸ್ವಿಟ್ಸರ್ಲೆಂಡಿನ ಶಸ್ತ್ರವೈದ್ಯರ ಒಂದು ಗುಂಪು ತಟ್ಟೆ-ಮೊಳೆಗಳ ವಿಧಾನವನ್ನು ವ್ಯವಸ್ಥಿತಗೊಳಿಸಿದ್ದೂ, 1960ರ ದಶಕದಲ್ಲಿ ಅಮೆರಿಕದ ಸಾರ್ಮಿಯೆಂಟೊ ಮೊಣಕಾಲಿನ ಕೆಳಗಿನ ಎಲುಬು ಮುರಿದವರನ್ನು ಕಟ್ಟಿನೊಡನೆಯೇ ನಡೆಸತೊಡಗಿದ್ದೂ ಒಂದೇ ಉದ್ದೇಶದಿಂದ: ರೋಗಿ ಬೇಗನೆ ಎದ್ದು ಓಡಾಡಲಿ. ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಒಳಗೆ ಸಲಾಕೆ ಇಡಿಸಿಕೊಂಡು, ಅನಂತರ ಅಜ್ಜನ ಕಾಲದವರಂತೆ ಎರಡು ತಿಂಗಳು ಮಲಗಿರುವುದೆಂದರೆ ರೈಲಿನ ಟಿಕೆಟ್ಟು ಕೊಂಡು ನಡೆದುಕೊಂಡು ಹೋದಂತೆ.

ಮಲಗುವುದರಿಂದ ಆಗುವ ಹಾನಿಯನ್ನು ವೈದ್ಯರು ಅರಿತು ಬಹಳ ಕಾಲವಾಯಿತು. ಲಂಡನ್ನಿನ ವೈದ್ಯ ರಿಚರ್ಡ್ ಆಷರ್ 1947ರಲ್ಲಿಯೇ ಹಾಸಿಗೆಯ ಅಪಾಯಗಳನ್ನು ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬರೆದಿದ್ದ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಪ್ರಯೋಗ ಇನ್ನೂ ಕಣ್ತೆರೆಸುವಂಥದು. ಇಪ್ಪತ್ತರ ಪ್ರಾಯದ, ಯಾವ ರೋಗವೂ ಇಲ್ಲದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ದೇಹಶಕ್ತಿಯನ್ನು ಅಳೆದರು. ಮೂವತ್ತು ವರ್ಷಗಳ ಬಳಿಕ, 1996ರಲ್ಲಿ, ಅದೇ ಐವರನ್ನು ಕರೆಸಿ ಮತ್ತೆ ಅಳೆದು ನೋಡಿದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚಿನ ಕೆಡುಕನ್ನು ಆ ಮೂರು ವಾರಗಳ ಹಾಸಿಗೆ ಮಾಡಿತ್ತೆಂದು ಕಂಡುಬಂದಿತು. ಆ ಯುವಕರು ವ್ಯಾಯಾಮದಿಂದ ಚೇತರಿಸಿಕೊಂಡರು. ಐವತ್ತೈದು ದಾಟಿದ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಗೃಹಸ್ಥನಿಗೆ ಅಷ್ಟು ಸುಲಭವಾಗಿ ಚೇತರಿಕೆ ಬಾರದು.

ಹಾಗಾದರೆ ಏನನ್ನು ಅಲುಗಾಡಿಸಬೇಕು? ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಎಂದಿನಿಂದ ಹಾಕಬಹುದು ಎಂಬುದನ್ನು ಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು. ಅದರಲ್ಲಿ ನೆರೆಮನೆಯವರ ಅನುಭವ ಪ್ರಯೋಜನಕ್ಕೆ ಬಾರದು, ಏಕೆಂದರೆ ಒಬ್ಬರ ಮುರಿತ ಇನ್ನೊಬ್ಬರ ಮುರಿತದಂತಿರುವುದಿಲ್ಲ. ಪಾದದ ಸಣ್ಣ ಎಲುಬು ಆರು ವಾರಗಳಲ್ಲಿ ಕೂಡಿಕೊಂಡೀತು; ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಮೂರು ನಾಲ್ಕು ತಿಂಗಳು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕಾದೀತು. ಆದರೆ ಭಾರ ಹಾಕದೆಯೂ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮೊಣಕಾಲಿನ ಕೆಳಗೆ ಟವೆಲನ್ನು ಸುತ್ತಿಟ್ಟು ಅದನ್ನು ಹಾಸಿಗೆಯ ಕಡೆಗೆ ಒತ್ತಿ, ತೊಡೆಯ ಸ್ನಾಯುವನ್ನು ಬಿಗಿಗೊಳಿಸಿ, ಹತ್ತು ಎಣಿಸಿ ಸಡಿಲಬಿಡುವುದು; ಕಾಲ್ಬೆರಳುಗಳನ್ನು ಗಂಟೆಗೊಮ್ಮೆ ಆಡಿಸುವುದು; ಪಾದ ಕಟ್ಟಿನ ಹೊರಗಿದ್ದರೆ ಅದನ್ನು ಮೇಲೆ ಕೆಳಗೆ ಬಾಗಿಸುವುದು; ಕುರ್ಚಿಯ ತೋಳುಗಳನ್ನು ಹಿಡಿದು ಕೈಬಲದಿಂದ ಸೊಂಟವನ್ನು ಮೇಲೆತ್ತುವುದು, ಇವು ವೈದ್ಯರ ಅನುಮತಿಯೊಡನೆ ಸಾಮಾನ್ಯವಾಗಿ ಮೊದಲ ವಾರದಲ್ಲೇ ಆರಂಭಿಸಬಹುದಾದವು. ನೀರು ತುಂಬಿದ ತಂಬಿಗೆಯೇ ಕೈಗಳಿಗೆ ವ್ಯಾಯಾಮದ ಗುಂಡಾಗಬಲ್ಲದು.

ಇನ್ನೊಂದು ಸಂಗತಿ ವಿಚಿತ್ರವೆನಿಸಿದರೂ ನಿಜ. ಒಂದು ಕಡೆಯ ಕೈಕಾಲಿಗೆ ವ್ಯಾಯಾಮ ಕೊಟ್ಟರೆ ಇನ್ನೊಂದು ಕಡೆಯದಕ್ಕೂ ಸ್ವಲ್ಪ ಬಲ ಬರುತ್ತದೆ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಇದನ್ನು ಗುರುತಿಸಿದರು. ಅನಂತರ ಹಲವು ಬಾರಿ ದೃಢಪಟ್ಟಿದೆ. ಬಲವೆಂಬುದು ಸ್ನಾಯುವಿನಲ್ಲಿ ಮಾತ್ರವಲ್ಲ, ಅದನ್ನು ಆಳುವ ನರಮಂಡಲದಲ್ಲಿಯೂ ಇದೆಯೆಂಬುದು ಇದರ ಅರ್ಥ. ಆದ್ದರಿಂದ ಗಟ್ಟಿಯಾಗಿರುವ ಕಾಲನ್ನು ಎತ್ತಿ ಇಳಿಸುತ್ತಿರುವ ರೋಗಿಯನ್ನು ಕಂಡು ಮನೆಯವರು ನಗಬೇಕಾಗಿಲ್ಲ. ಅವನು ಕಟ್ಟಿನೊಳಗಿರುವ ಕಾಲಿಗೂ ಕೆಲಸ ಮಾಡುತ್ತಿದ್ದಾನೆ.

ಊರುಗೋಲಿನ ವಿಷಯದಲ್ಲಿ ಎರಡು ಮಾತು. ಅಂಗಡಿಯಿಂದ ತಂದದ್ದನ್ನು ಹಾಗೆಯೇ ಕಂಕುಳಿಗೆ ಸಿಕ್ಕಿಸಿಕೊಂಡು ಜೋತುಬೀಳುವವರೇ ಹೆಚ್ಚು. ಕಂಕುಳಿಗೂ ಗೋಲಿನ ಮೇಲ್ತುದಿಗೂ ನಡುವೆ ಎರಡು ಮೂರು ಬೆರಳು ಜಾಗವಿರಬೇಕು. ಭಾರವೆಲ್ಲ ಅಂಗೈಗಳ ಮೇಲೆ ಬೀಳಬೇಕು. ಇಲ್ಲವಾದರೆ ಕಂಕುಳಿನ ನರ ಒತ್ತಿ, ಕಾಲಿನ ಜೊತೆಗೆ ಕೈಯೂ ಸೋಲುವ ಸಂಭವವಿದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮುಂದೆ ಒಂದೇ ಕೋಲಿಗೆ ಇಳಿದಾಗ ಅದನ್ನು ನೋವಿರುವ ಕಡೆಯ ಕೈಯಲ್ಲಿ ಹಿಡಿಯುವುದು ಎಲ್ಲರಿಗೂ ಸಹಜವೆಂದು ತೋರುತ್ತದೆ. ಹಿಡಿಯಬೇಕಾದದ್ದು ಎದುರು ಕಡೆಯ ಕೈಯಲ್ಲಿ.

ಮಲಗಿದವರಿಗಿರುವ ಒಂದು ಅಪಾಯವನ್ನು ಮಾತ್ರ ಯಾವ ಮನೆಯೂ ಲಘುವಾಗಿ ಕಾಣಬಾರದು. ಚಲನೆಯಿಲ್ಲದ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು, ಬಿಸಿ ಕಾಣಿಸಿಕೊಂಡರೆ ಎಣ್ಣೆ ಹಚ್ಚಿ ತಿಕ್ಕುವುದಲ್ಲ, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೊಂದರೆ, ಒಂದು ಕ್ಷಣವೂ ಕಾಯಬಾರದು. ಕಟ್ಟಿನ ಹೊರಗಿನ ಬೆರಳುಗಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ತಡೆಯಲಾರದ ನೋವಿದ್ದರೆ ಕಟ್ಟು ಬಿಗಿಯಾಗಿದೆಯೆಂದು ತಿಳಿಯಬೇಕು. ಬೆಳಗಾಗಲಿ ಎಂದು ಕುಳಿತವರಲ್ಲಿ ಕೆಲವರು ಕಾಲನ್ನೇ ಕಳೆದುಕೊಂಡಿದ್ದಾರೆ.

ಈ ಸಂದರ್ಭದಲ್ಲಿಯೇ ನಾಟಿ ಕಟ್ಟಿನ ಮಾತು ಬರುತ್ತದೆ. ಚೆನ್ನೈ, ಹೈದರಾಬಾದುಗಳಲ್ಲಿ ಪುತ್ತೂರು ಕಟ್ಟು ಎಂಬ ಫಲಕಗಳನ್ನು ನೋಡದವರಿಲ್ಲ. (ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಗೆ ಸಮೀಪದ ಆಂಧ್ರದ ಪುತ್ತೂರು, ಫಲಕ ಕಂಡು ಊರಿನವರೆಂದು ಹಿಗ್ಗುವ ಕನ್ನಡಿಗರಿದ್ದಾರೆ.) ಮುಂಬಯಿ, ಪುಣೆಗಳಲ್ಲಿ ಹಾಡವೈದ್ಯರಿದ್ದಾರೆ. ತಲೆಮಾರುಗಳ ಕೈಚಳಕವನ್ನು ಸಾರಾಸಗಟಾಗಿ ನಿಂದಿಸುವುದು ಸಲ್ಲದು. ಸರಳವಾದ ಉಳುಕಿಗೆ, ಸ್ಥಾನಪಲ್ಲಟವಾಗದ ಮುರಿತಕ್ಕೆ ಅವರ ಬಿದಿರ ದಬ್ಬೆಯ ಕಟ್ಟಿನಿಂದ ಗುಣವಾದವರು ಎಷ್ಟೋ ಮಂದಿ. ಆದರೆ ಯಾವುದು ಸರಳ, ಯಾವುದು ಜಟಿಲ ಎಂದು ಚಿತ್ರ ತೆಗೆಯದೆ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಬಾವು ಏರುತ್ತಿರುವ ಕಾಲಿಗೆ ಬಿಗಿಯಾಗಿ ಕಟ್ಟಿದ ಪಟ್ಟಿ ರಕ್ತಸಂಚಾರವನ್ನೇ ನಿಲ್ಲಿಸಬಲ್ಲದು. ಮೊದಲು ಚಿತ್ರ, ಆಮೇಲೆ ಆಯ್ಕೆ ಎಂಬಷ್ಟನ್ನಾದರೂ ಪಾಲಿಸಿದರೆ ಅನೇಕ ಅನಾಹುತಗಳು ತಪ್ಪುತ್ತವೆ.

ಇನ್ನು ಊಟದ ವಿಚಾರ. ಎಲುಬಿಗೆ ಎಲುಬೇ ಮದ್ದು ಎಂಬ ತರ್ಕದಿಂದ ಮಾಂಸಾಹಾರಿಗಳ ಮನೆಯಲ್ಲಿ ಕಾಲುಸೂಪು ಕುದಿಯುತ್ತದೆ. ರುಚಿಗೆ, ಹಸಿವೆಗೆ ಅದು ಒಳ್ಳೆಯದೇ. ಆದರೆ ಎಷ್ಟು ಕುದಿಸಿದರೂ ಎಲುಬಿನ ಸುಣ್ಣ ಸಾರಿಗೆ ಇಳಿಯುವುದು ಅತ್ಯಲ್ಪ. ಇಳಿಯುವುದು ಅಂಟಿನಂಥ ಒಂದು ಬಗೆಯ ಸಸಾರಜನಕ, ಅದೂ ಪರಿಪೂರ್ಣವಾದದ್ದಲ್ಲ. ಸೂಪಿನ ಜೊತೆಗೆ ನಾಲ್ಕು ತುಂಡು ಮಾಂಸವನ್ನೋ, ಒಂದು ಬಂಗುಡೆ ಮೀನನ್ನೋ, ಎರಡು ಮೊಟ್ಟೆಗಳನ್ನೋ ತಿಂದರೆ ಲಾಭ ಹೆಚ್ಚು. ಸಸ್ಯಾಹಾರಿಗಳ ಮನೆಯಲ್ಲಿ ಅಂಟಿನ ಉಂಡೆಗೆ ಅದೇ ಗೌರವ. ಅಂಟು, ಉತ್ತತ್ತಿ, ಕೊಬ್ಬರಿ, ಗಸಗಸೆ, ಬೆಲ್ಲ, ತುಪ್ಪ ಸೇರಿದ ಆ ಉಂಡೆ ಬಾಣಂತಿಗಾಗಿ ಹುಟ್ಟಿದ್ದು. ಮಗುವಿಗೆ ಹಾಲೂಡುವ ತಾಯಿಗೆ ಅಷ್ಟು ಶಕ್ತಿ ಬೇಕು. ಮಂಚದಲ್ಲಿ ಕುಳಿತು ಕ್ರಿಕೆಟ್ ನೋಡುವ ಮನುಷ್ಯನಿಗೆ ದಿನಕ್ಕೆ ನಾಲ್ಕು ಉಂಡೆ ಏಕೆ? ಅದರ ಫಲ ಸೊಂಟದ ಸುತ್ತ ಸೇರುತ್ತದೆ. ನಾಳೆ ಎದ್ದು ನಿಂತಾಗ ಅಷ್ಟು ಭಾರವನ್ನೂ ಹೊರಬೇಕಾದದ್ದು ಇದೇ ಬಡಕಾಲು. ಒಂದು ಉಂಡೆಗೆ ಯಾರ ಆಕ್ಷೇಪವೂ ಇಲ್ಲ.

ಮಂಗರವಳ್ಳಿಯನ್ನೂ ಇಲ್ಲಿಯೇ ನೆನೆಯಬೇಕು. ನಾಲ್ಕು ಮೂಲೆಯ ಕಾಂಡದ ಈ ಬಳ್ಳಿಗೆ ಮರಾಠಿ, ಹಿಂದಿಗಳಲ್ಲಿ ಹಾಡಜೋಡ, ಹಡ್‌ಜೋಡ್ ಎಂಬ ಹೆಸರುಗಳಿವೆ, ಸಂಸ್ಕೃತದಲ್ಲಿ ಅಸ್ಥಿಶೃಂಖಲಾ. ಎಲುಬಿನ ಮೇಲೆ ಇದರ ಪರಿಣಾಮವನ್ನು ಕುರಿತು ಆಧುನಿಕ ಸಂಶೋಧನೆಗಳೂ ನಡೆದಿವೆ. ಆದರೆ ವೈದ್ಯರು ಕಣ್ಣುಮುಚ್ಚಿ ಬರೆದುಕೊಡುವಷ್ಟು ಪುರಾವೆ ಇನ್ನೂ ದೊರೆತಿಲ್ಲ. ಎಳೆಯ ಕಾಂಡವನ್ನು ಹುಣಸೆಹಣ್ಣಿನೊಡನೆ ಚೆನ್ನಾಗಿ ಬೇಯಿಸಿ ಚಟ್ನಿ ಮಾಡಿದರೆ ಬಾಯಿ ತುರಿಸದು, ಅನ್ನ ಸೇರುತ್ತದೆ. ಅದು ಚಟ್ನಿಯಾಗಿ ಊಟದ ಎಲೆಯಲ್ಲಿರಲಿ, ಚಿಕಿತ್ಸೆಯ ಸ್ಥಾನಕ್ಕೆ ಏರದಿರಲಿ.

ಕೂಡುತ್ತಿರುವ ಎಲುಬಿಗೆ ಸುಣ್ಣಕ್ಕಿಂತ ಮೊದಲು ಬೇಕಾದದ್ದು ಸಸಾರಜನಕ ಎಂಬುದು ಬಹುಮಂದಿಗೆ ತಿಳಿಯದು. ಮುರಿದ ತುದಿಗಳ ನಡುವೆ ಮೊದಲು ನೆಯ್ದುಕೊಳ್ಳುವುದು ಸಸಾರಜನಕದ ಎಳೆಗಳ ಹಂದರ. ಸುಣ್ಣ ತುಂಬುವುದು ಆಮೇಲೆ. ಕರಗುತ್ತಿರುವ ಸ್ನಾಯುವನ್ನು ಉಳಿಸಿಕೊಳ್ಳುವುದಕ್ಕೂ ಅದೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಸಸಾರಜನಕ ಸಾಕು. ಗಾಯದಿಂದ ಚೇತರಿಸಿಕೊಳ್ಳುವವರಿಗೆ ಆಹಾರತಜ್ಞರು ಸಾಮಾನ್ಯವಾಗಿ ಕಿಲೋಗೆ 1.2ರಿಂದ 1.5 ಗ್ರಾಂವರೆಗೆ ಸೂಚಿಸುತ್ತಾರೆ. ಅದೇ ವ್ಯಕ್ತಿಗೆ 70 ಗ್ರಾಂ ಮೀರಬೇಕಾಯಿತು. (ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳದೆ ಇದನ್ನು ಹೆಚ್ಚಿಸಬಾರದು.) ಈಗ ಸಾಮಾನ್ಯ ಕನ್ನಡಿಗರ ಮನೆಯ ರೋಗಿಯ ಊಟವನ್ನು ನೋಡಬೇಕು: ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ಸಂಜೆ ಬಿಸ್ಕತ್ತು ಚಹ, ರಾತ್ರಿ ಹಗುರವಾಗಿರಲೆಂದು ಗಂಜಿ. ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಹೊಟ್ಟೆ ತುಂಬುತ್ತದೆ, ಸಸಾರಜನಕದ ಲೆಕ್ಕ ತುಂಬುವುದಿಲ್ಲ.

ಲೆಕ್ಕ ತುಂಬಿಸಲು ಡಬ್ಬದ ಪುಡಿಗಳಿಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ಐವತ್ತು ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ ಹನ್ನೊಂದು ಗ್ರಾಂನಷ್ಟು ಸಸಾರಜನಕವಿದೆ; ಅರ್ಧ ಲೀಟರು ಹಾಲು ಮೊಸರಿನಲ್ಲಿ ಹದಿನಾರು ಗ್ರಾಂ; ಒಂದು ಹಿಡಿ ಶೇಂಗಾದಲ್ಲಿ ಏಳು; ಒಂದು ಮೊಟ್ಟೆಯಲ್ಲಿ ಆರು. ಇದರ ಮೇಲೆ ದಿನದ ರೊಟ್ಟಿ ಅನ್ನಗಳಿಂದ ಬರುವ ಇಪ್ಪತ್ತು ಇಪ್ಪತ್ತೈದು ಗ್ರಾಂ ಸೇರಿದರೆ ಗುರಿ ಹತ್ತಿರವಾಯಿತು. ಮೊಳಕೆ ಕಾಳಿನ ಉಸಲಿ, ಹುರುಳಿಕಟ್ಟಿನ ಸಾರಿನ ಜೊತೆಗೆ ಆ ಹುರುಳಿಯದೇ ಪಲ್ಯ (ಕಟ್ಟನ್ನು ಬಸಿದು ಕಾಳನ್ನು ದನಕ್ಕೆ ಹಾಕುವ ಪದ್ಧತಿ ಹಳ್ಳಿಗೆ ಸರಿ, ದನವಿಲ್ಲದ ನಗರಕ್ಕಲ್ಲ), ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಮತ್ತು ಗಟ್ಟಿ ಮೊಸರು, ಹೆಸರುಬೇಳೆಯ ಕೋಸಂಬರಿ, ಇವೆಲ್ಲ ಕನ್ನಡಿಗರ ಅಡುಗೆಮನೆಗೆ ಹೊಸತಲ್ಲ. ಹಬ್ಬದ ಎಲೆಯಲ್ಲಿ ಚಮಚದಷ್ಟು ಬಡಿಸುವುದನ್ನು ರೋಗಿಗೆ ಬಟ್ಟಲ ತುಂಬ ಬಡಿಸಬೇಕು, ಒಂದೇ ಹೊತ್ತಿಗಲ್ಲ, ಮೂರು ಹೊತ್ತಿಗೂ ಹಂಚಿ.

ಸುಣ್ಣದ ಅಂಶಕ್ಕೆ ರಾಗಿಗೆ ಸಮನಾದ ಧಾನ್ಯವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿಹಿಟ್ಟು ಜೀರ್ಣಕ್ಕೂ ಸುಲಭ, ಅದರ ಸುಣ್ಣ ಮೈಗೆ ಹತ್ತುವುದೂ ಹೆಚ್ಚು. ಹೊರನಾಡಿಗೆ ಹೊಸದಾಗಿ ಬಂದ ಸಂಸಾರಗಳು ರಾಗಿ ಇಲ್ಲಿ ಸಿಗುವುದಿಲ್ಲವೆಂದು ಊರಿನಿಂದ ಚೀಲ ಕಟ್ಟಿಸಿ ತರುವುದುಂಟು. ಸಿಗದಿರುವುದು ರಾಗಿಯಲ್ಲ, ಅದರ ಹೆಸರು. ಮುಂಬಯಿ ಪುಣೆಗಳ ಅಂಗಡಿಯಲ್ಲಿ ನಾಚಣಿ ಎಂದು ಕೇಳಬೇಕು, ಚೆನ್ನೈಯಲ್ಲಿ ಕೇಳ್ವರಗು, ಹೈದರಾಬಾದಿನಲ್ಲಿ ರಾಗುಲು, ದೆಹಲಿಯಲ್ಲಿ ಗಢವಾಲ ಕುಮಾವುಗಳವರ ಅಂಗಡಿಗೆ ಹೋಗಿ ಮಂಡುವಾ. ಹುರುಳಿಗೂ ಹೀಗೆಯೇ ಕುಳೀಥ, ಕೊಳ್ಳು, ಉಲವಲು, ಗಹತ್ ಎಂಬ ಹೆಸರುಗಳು. ಊರು ಬಿಟ್ಟವರಿಗಿಂತ ಮೊದಲೇ ಊರಿನ ಕಾಳು ಬಂದು ನೆಲೆಸಿದೆ.

ಸುಣ್ಣದ ಗುಳಿಗೆಗಳನ್ನು ಮಾತ್ರ ಸ್ವಂತ ಬುದ್ಧಿಯಿಂದ ನುಂಗಬಾರದು. ಮಲಗಿರುವವನ ಎಲುಬುಗಳಿಂದ ಸುಣ್ಣ ಕರಗಿ ಮೂತ್ರದಲ್ಲಿ ಹೊರಬೀಳುತ್ತಿರುತ್ತದೆ. ನೀರು ಕಡಿಮೆ ಕುಡಿದರೆ ಅದೇ ಕಲ್ಲಾಗಲು ದಾರಿ. ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಬಿಸಿಲು ಉಚಿತವಾಗಿ ಕೊಡುತ್ತದೆ, ಆದರೆ ಎಲ್ಲರೂ ಹೊಗಳುವ ಬೆಳಗಿನ ಎಳೆಬಿಸಿಲಲ್ಲ, ಹತ್ತು ಗಂಟೆಯ ಮೇಲಿನ ಬಿಸಿಲು. ಅದೂ ಕಿಟಕಿಯ ಗಾಜಿನ ಮೂಲಕ ಬಂದರೆ ಪ್ರಯೋಜನವಿಲ್ಲ. ಮೂರನೆಯ ಮಹಡಿಯ ಒಂದೂವರೆ ಕೋಣೆಯಲ್ಲಿ ಮಲಗಿದವರ ರಕ್ತದಲ್ಲಿ ಈ ಜೀವಸತ್ವ ಕಡಿಮೆಯಿದ್ದರೆ ಆಶ್ಚರ್ಯವಿಲ್ಲ. ಪರೀಕ್ಷೆ ಮಾಡಿಸಿ ವೈದ್ಯರು ಕೊಟ್ಟ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ಬೀಡಿ ಸಿಗರೇಟುಗಳು ಎಲುಬು ಕೂಡುವುದನ್ನು ತಡಮಾಡುತ್ತವೆಂಬುದು ನಿಸ್ಸಂದೇಹ. ಬೇಸರ ಕಳೆಯಲೆಂದು ಮಂಚದ ಬಳಿ ಪೊಟ್ಟಣ ತಂದಿಡುವ ಗೆಳೆಯನು ಅದನ್ನು ಮನೆಯಲ್ಲೇ ಬಿಟ್ಟು ಬರುವುದು ಲೇಸು.

ಹೇಳಲು ಸಂಕೋಚಪಡುವ, ಆದ್ದರಿಂದಲೇ ಹೇಳಲೇಬೇಕಾದ ವಿಷಯ ಶೌಚದ್ದು. ಕುಕ್ಕುರುಗಾಲಿನಲ್ಲಿ ಕೂರುವ ಶೌಚಾಲಯ ಕಾಲು ಮುರಿದವರಿಗೆ ದುರ್ಗಮ ಕೋಟೆ. ಚಾಳುಗಳಲ್ಲಿ ಅದು ಮೊಗಸಾಲೆಯ ತುದಿಯಲ್ಲಿ ಹತ್ತು ಮನೆಗಳಿಗೆ ಸೇರಿದ್ದು. ಅಲ್ಲಿಗೆ ಹೋಗುವ ಕಷ್ಟಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ಹೆಂಗಸರಂತೂ ಬಹಳ. ನೋವಿನ ಮಾತ್ರೆ, ಮಲಗಿದ ಮೈ, ಒಣಗಿದ ಕರುಳು, ಮೂರೂ ಸೇರಿ ಉಂಟಾಗುವ ಮಲಬದ್ಧತೆ ಮುರಿದ ಎಲುಬಿಗಿಂತ ಹೆಚ್ಚು ಅಳಿಸುತ್ತದೆ. ನಡುವೆ ತೂತಿರುವ ಒಂದು ಕಮೋಡ್ ಕುರ್ಚಿ ಈ ಸಂಕಟದ ಮುಕ್ಕಾಲು ಭಾಗವನ್ನು ಕಳೆಯಬಲ್ಲದು. ನೂರು ರೂಪಾಯಿಯ ಸೇಬನ್ನು ತರುವ ನೆಂಟರಿಗೆ ಆ ಕುರ್ಚಿಯನ್ನು ತರುವುದು ಅಶುಭವೆನಿಸುತ್ತದೆ!

ಇಷ್ಟು ಹೊತ್ತು ಹೇಳಿದ್ದು ಮಲಗಿಸಿ ಉಪಚರಿಸುವ ಮನೆಗಳ ಮಾತು. ಮಲಗಲು ಬಿಡದ ಮನೆಗಳೂ ಇವೆ. ಮನೆಯ ಯಜಮಾನನ ಕಾಲು ಮುರಿದರೆ ಅವನು ಮದುವಣಿಗನಾಗುತ್ತಾನೆ. ಗೃಹಿಣಿಯ ಕಾಲು ಮುರಿದರೆ ಹದಿನೈದನೆಯ ದಿನಕ್ಕೆ ಒಲೆಯ ಮುಂದೆ ಒಂಟಿಕಾಲಿನಲ್ಲಿ ನಿಂತಿರುತ್ತಾಳೆ. ಯಾರೂ ನಿಲ್ಲಿಸಿದ್ದಲ್ಲ, ತಾನೇ ನಿಂತದ್ದು ಎನ್ನುತ್ತಾರೆ. ಹೋಟೆಲಿನ ಊಟ ಮಕ್ಕಳಿಗೆ ಒಗ್ಗದು, ಅತ್ತೆಗೆ ಮಡಿ, ಪತಿಗೆ ಎಂಟೂ ಹತ್ತರ ಲೋಕಲ್ ತಪ್ಪಬಾರದು. ಎಲ್ಲರಿಗೂ ಬಡಿಸಿ ಉಳಿದ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುವ ಆಕೆಯ ಪಾಲಿಗೆ ಎಪ್ಪತ್ತು ಗ್ರಾಂ ಸಸಾರಜನಕದ ಲೆಕ್ಕ ಅಣಕದಂತೆ ಕೇಳಿಸೀತು. ಅವಳಿಗೆ ಬೇಕಾದದ್ದು ವ್ಯಾಯಾಮದ ಉಪದೇಶವಲ್ಲ, ಎರಡು ತಿಂಗಳ ಅಡುಗೆಯಿಂದ ಬಿಡುಗಡೆ, ಆಮೇಲೆ ವ್ಯಾಯಾಮ. ಪತಿಯೂ ಬೆಳೆದ ಮಕ್ಕಳೂ ಅನ್ನಕ್ಕೆ ಇಡಲು, ಕಾಳು ನೆನೆಸಲು ಕಲಿಯದೆ ಈ ಸಮಸ್ಯೆಗೆ ಬೇರೆ ಪರಿಹಾರವಿಲ್ಲ.

ಇನ್ನೊಬ್ಬನಿದ್ದಾನೆ, ಉಪಾಹಾರ ಗೃಹದಲ್ಲಿ ದುಡಿಯುವ ಹುಡುಗ. ನಾಡಿನ ಹೆಸರನ್ನು ಇಡ್ಲಿ ದೋಸೆಗಳ ಮೂಲಕ ಈ ನಗರಗಳಲ್ಲಿ ಬೆಳಗಿಸಿದವನು ಅವನೇ ಎಂದು ವೇದಿಕೆಯ ಮೇಲೆ ಹೊಗಳುವುದುಂಟು. ಅವನು ಜಾರಿ ಬಿದ್ದ ದಿನದಿಂದ ಸಂಬಳ ನಿಂತರೆ, ಮಲಗಲು ಅಟ್ಟದ ಮೇಲಿನ ಆರಡಿ ಜಾಗವಿದ್ದು ಅದಕ್ಕೆ ಏಣಿ ಹತ್ತಬೇಕಾದರೆ, ಅವನು ಊರಿನ ಬಸ್ಸು ಹತ್ತದೆ ಇನ್ನೇನು ಮಾಡಬೇಕು? ಊರಿನಲ್ಲಿ ಮರುಪರೀಕ್ಷೆಯೂ ಇಲ್ಲ, ವ್ಯಾಯಾಮ ಹೇಳಿಕೊಡುವವರೂ ಇಲ್ಲ. ಸೊಟ್ಟ ಕೂಡಿದ ಕಾಲಿನಿಂದ ಮರಳಿ ಬಂದವನಿಗೆ ತಟ್ಟೆ ಹೊರುವ ಕೆಲಸ ಸಿಗುವುದಿಲ್ಲ. ಇಪ್ಪತ್ತೆರಡರ ಹರೆಯದಲ್ಲಿ ಮೂರು ತಿಂಗಳ ಸಂಬಳ ಮತ್ತು ದಿನಕ್ಕೆರಡು ಮೊಟ್ಟೆ ಅವನ ಮುಂದಿನ ನಲವತ್ತು ವರ್ಷಗಳನ್ನು ಉಳಿಸಬಲ್ಲವು. ಇದನ್ನು ಮಾಡುತ್ತಿರುವ ಮಾಲಿಕರು ಇಲ್ಲದಿಲ್ಲ. ಅವರ ಸಂಖ್ಯೆ ಬೆಳೆಯಬೇಕು.

ವೃದ್ಧರ ವಿಷಯ ಒಂದೇ ಮಾತಿನಲ್ಲಿ ಹೇಳಬಹುದು. ಸೊಂಟದ ಕೀಲಿನ ಬಳಿ ಎಲುಬು ಮುರಿದ ಎಪ್ಪತ್ತೈದರ ಅಜ್ಜಿಗೆ ಈ ವಯಸ್ಸಿನಲ್ಲಿ ಶಸ್ತ್ರಕ್ರಿಯೆ ಏಕೆ, ಮಲಗಿರಲಿ ಎಂಬುದು ದಯೆಯ ಮಾತಿನಂತೆ ತೋರಿದರೂ ದಯೆಯಲ್ಲ. ಹಾಗೆ ಮಲಗಿದವರನ್ನು ಕೊಲ್ಲುವುದು ಎಲುಬಿನ ಮುರಿತವಲ್ಲ. ಬೆನ್ನಿನ ಹುಣ್ಣು, ಶ್ವಾಸಕೋಶದ ಸೋಂಕು, ಹೆಪ್ಪುಗಟ್ಟಿದ ರಕ್ತ. ಶಸ್ತ್ರಕ್ರಿಯೆಗೆ ಯೋಗ್ಯರಾದವರನ್ನು ಬೇಗನೆ ಶಸ್ತ್ರಕ್ರಿಯೆಗೆ ಒಳಪಡಿಸಿ ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಪದ್ಧತಿ.

ಕನ್ನಡ ಸಂಘಗಳು ಇದರಲ್ಲಿ ಮಾಡಬಹುದಾದದ್ದೇನು ಎಂಬ ಪ್ರಶ್ನೆ ಸ್ಮರಣ ಸಂಚಿಕೆಯಲ್ಲಿ ಅಪ್ರಸ್ತುತವಲ್ಲ. ನಾಡಹಬ್ಬಕ್ಕೆ, ಯಕ್ಷಗಾನಕ್ಕೆ, ಸನ್ಮಾನದ ಶಾಲುಗಳಿಗೆ ಹಣ ಕೂಡಿಸುವ ಸಂಘಗಳಿಗೆ ಆರು ಜೊತೆ ಊರುಗೋಲು, ಎರಡು ವಾಕರ್, ಎರಡು ಕಮೋಡ್ ಕುರ್ಚಿ, ಒಂದು ಗಾಲಿಕುರ್ಚಿ ಕೊಳ್ಳುವುದು ಭಾರವಾಗದು. ಇವು ಒಬ್ಬರಿಗೆ ಮೂರು ನಾಲ್ಕು ತಿಂಗಳು ಬೇಕಾಗುವ ವಸ್ತುಗಳು. ಆಮೇಲೆ ಪ್ರತಿ ಮನೆಯ ಅಟ್ಟದಲ್ಲೂ ಧೂಳು ತಿನ್ನುತ್ತಿರುತ್ತವೆ. ಅವನ್ನೇ ಕೇಳಿ ಸಂಗ್ರಹಿಸಿದರೂ ಅರ್ಧ ಭಂಡಾರ ತುಂಬೀತು. ಮಹಿಳಾ ವಿಭಾಗದವರು ಸರದಿಯಂತೆ ಬುತ್ತಿ ಕಳುಹಿಸುವ ಏರ್ಪಾಡು ಮಾಡಬಹುದು. ಆ ಸರದಿಯಲ್ಲಿ ಪುರುಷ ಸದಸ್ಯರ ಹೆಸರುಗಳೂ ಇದ್ದರೆ ಇನ್ನೂ ಒಳಿತು. ಸದಸ್ಯರಲ್ಲಿ ವ್ಯಾಯಾಮ ಚಿಕಿತ್ಸಕರಿದ್ದರೆ ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಕುಳಿತು ಊರುಗೋಲಿನ ಎತ್ತರ ಸರಿಪಡಿಸಿಕೊಟ್ಟರೂ ಸಾಕು, ಅದು ದೊಡ್ಡ ಸೇವೆ.

ಆದರೆ ಆ ಕೋಣೆಗೆ ರೋಗಿ ಬರುವುದು ಹೇಗೆ? ಅನೇಕ ಸಂಘಗಳ ಸಭಾಗೃಹ ಮೊದಲ ಮಹಡಿಯಲ್ಲಿದೆ, ಲಿಫ್ಟಿಲ್ಲ. ನೆಲಮಹಡಿಯಲ್ಲಿದ್ದರೂ ಬಾಗಿಲಲ್ಲಿ ನಾಲ್ಕು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ನಾಟಕ ನೋಡುವ ಆಸೆಯಿಂದ ಊರುಗೋಲೂರಿ ಬಂದ ಹಿರಿಯರು ಮೆಟ್ಟಿಲ ಬುಡದಿಂದಲೇ ಮರಳಿದ್ದುಂಟು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ರಂಗಮಂಚದ ಹೊಸ ಪರದೆಯ ವಿಷಯ ಬರುವುದಕ್ಕೆ ಮೊದಲು ಈ ಮೆಟ್ಟಿಲುಗಳ ಬದಿಗೆ ಒಂದು ಕಬ್ಬಿಣದ ಕಂಬಿಯನ್ನೂ ಗಾಲಿಕುರ್ಚಿ ಏರಬಲ್ಲ ಒಂದು ಇಳಿಜಾರನ್ನೂ ಕುರಿತು ಠರಾವು ಆಗಬೇಕು. ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ರೂಢಿಯ ಲೆಕ್ಕ. ಜಾಗ ಸಾಲದೆಂದು ಕಡಿದಾಗಿ ಕಟ್ಟಿದರೆ ಅಲ್ಲಿಯೇ ಇನ್ನೊಂದು ಕಾಲು ಮುರಿದೀತು.